ತೂಕದ ಯಂತ್ರ ಹೊರಗಿರಲಿ, ಆಟದ ಕ್ರಮ ಒಳಗೆ ಬರಲಿ

ಪ್ರಶಿಕ್ಷಣಾರ್ಥಿ, ಬಿ.ಎಸ್ಸಿ., ಬಿ.ಇಡಿ. (ಭೌತವಿಜ್ಞಾನ–ಗಣಿತ)

ಅಭ್ಯಾಸ ಬೋಧನೆಯ ಎರಡನೇ ವಾರ. ಶಿವಮೊಗ್ಗ ನಗರದ ಒಂದು ಪ್ರೌಢಶಾಲೆಯ ಎಂಟನೇ ತರಗತಿ. ಮಕ್ಕಳ ಆರೋಗ್ಯ ಕಾರ್ಡಿನಲ್ಲಿ ಎತ್ತರ, ತೂಕ ತುಂಬುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ನಾನು ತೂಕದ ಯಂತ್ರದ ಪಕ್ಕ ನಿಂತು ಅಂಕಿ ಓದಿ ಹೇಳುವುದು, ನನ್ನ ಸಹಪಾಠಿ ಮೇಜಿನ ಬಳಿ ಕುಳಿತು ಬರೆದುಕೊಳ್ಳುವುದು. ಯಂತ್ರಕ್ಕೂ ಮೇಜಿಗೂ ಆರೇಳು ಅಡಿ ದೂರವಿದ್ದುದರಿಂದ ಅಂಕಿಯನ್ನು ಕೂಗಿಯೇ ಹೇಳಬೇಕಾಗಿತ್ತು. ಮೂವತ್ತೆಂಟು, ನಲವತ್ತೊಂದು, ಮೂವತ್ತಾರು ಎಂದು ಕೂಗುತ್ತ ಹೋದೆ. ಒಬ್ಬ ಹುಡುಗಿಯ ಸರದಿ ಬಂದಾಗ ಅವಳು ಯಂತ್ರ ಹತ್ತಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಮಿಸ್, ನಂದು ನಾನೇ ನೋಡ್ಕೊಂಡು ಬರೀಲಾ?" ಎಂದಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ "ಮಿಷನ್ ಮುರ್ದೋಗುತ್ತೆ" ಎಂದರು. ಇಡೀ ತರಗತಿ ನಕ್ಕಿತು.

ನಾನು ಹಿಂದಿನ ಬೆಂಚಿನವರನ್ನು ಗದರಿದೆ. ಆದರೆ ಅಷ್ಟು ಹೊತ್ತು ಅಂಕಿಗಳನ್ನು ಕೂಗುತ್ತಿದ್ದವಳು ನಾನೇ. ಎಂಟನೇ ತರಗತಿಯಲ್ಲಿ ನಾನೂ ಇಂಥದೇ ಸಾಲಿನಲ್ಲಿ ನಿಂತು, ನನ್ನ ಸರದಿ ಬರುವ ಮೊದಲೇ ಗಂಟೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಅದು ನೆನಪಾದದ್ದು ಸಂಜೆ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ.

ಈ ಲೇಖನ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತ ವ್ಯಾಯಾಮ ಮಾಡುವ, ತೂಕ ಇಳಿಸಿಕೊಳ್ಳುವ ಅಭ್ಯಾಸದ ಬಗ್ಗೆ. ಅದಕ್ಕೂ ಅಭ್ಯಾಸ ಬೋಧನೆಗೂ ಏನು ಸಂಬಂಧ ಎಂದು ನಮ್ಮ ಗುರುಗಳು ಕೇಳಬಹುದು. ನನ್ನ ಅಭಿಪ್ರಾಯ ಇಷ್ಟು: ಈ ಆಟಗಳಿಂದ ನಾವು ಕಲಿಯಬೇಕಾದದ್ದು ಇದೆ. ಆದರೆ ಅದು ಯಂತ್ರದಲ್ಲಿಲ್ಲ, ತೂಕ ಇಳಿಸುವ ಭರವಸೆಯಲ್ಲೂ ಇಲ್ಲ. ಆಡುವವರನ್ನು ಅವರು ನಿಂತಲ್ಲಿಂದಲೇ ಮುಂದಕ್ಕೆ ಕರೆದೊಯ್ಯುವ ಕ್ರಮದಲ್ಲಿ ಇದೆ. ನಮ್ಮ ದೈಹಿಕ ಶಿಕ್ಷಣದ ಅವಧಿಗೆ ಬೇಕಾಗಿರುವುದು ಆ ಕ್ರಮ.

ಬಾಗಿಲು ಹಾಕಿಕೊಂಡು ಆಡಿದ ಆಟ

ನಮ್ಮ ಮನೆ ಭದ್ರಾವತಿಯ ನ್ಯೂಟೌನ್ ಕಡೆ. ನಮ್ಮೂರಿಗೆ ಆಟ ಹೊಸದಲ್ಲ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಇವತ್ತಿಗೂ ಸಂಜೆಯಾದರೆ ಖಾಲಿ ಜಾಗವಿದ್ದಲ್ಲೆಲ್ಲ ಹುಡುಗರು ಬ್ಯಾಟು ಹಿಡಿದಿರುತ್ತಾರೆ. ಹುಡುಗಿಯರು ಏಳನೇ ತರಗತಿ ದಾಟಿದ ಮೇಲೆ ಅಲ್ಲಿ ಕಾಣುವುದಿಲ್ಲ. ಯಾರೂ ಬರಬೇಡಿ ಎಂದಿಲ್ಲ. ಬರುವುದು ತಾನಾಗಿಯೇ ನಿಂತುಹೋಗುತ್ತದೆ. ಬಿ.ಎಸ್ಸಿ. ಮುಗಿಸುವಾಗ ನನ್ನ ತೂಕ 76 ಕಿಲೋ. ಬೆಳಿಗ್ಗೆ ಓಡಲು ಹೊರಟೆ. ನಾಲ್ಕನೇ ದಿನ ಪರಿಚಯದವರೊಬ್ಬರು ಗಾಡಿ ನಿಲ್ಲಿಸಿ, "ಏನಮ್ಮ, ಮದುವೆ ಗೊತ್ತಾಯ್ತಾ?" ಎಂದು ಕೇಳಿದರು. ಐದನೇ ದಿನ ಹೋಗಲಿಲ್ಲ.

ಆಮೇಲೆ ಚಿಕ್ಕಮ್ಮನ ಮಗ ಒಂದು ಆಟ ತೋರಿಸಿಕೊಟ್ಟ. ಲ್ಯಾಪ್‌ಟಾಪಿನಲ್ಲಿ ಒಬ್ಬರು ಕುಣಿಯುತ್ತಾರೆ. ಮೊಬೈಲನ್ನು ಬಲಗೈಯಲ್ಲಿ ಹಿಡಿದು ಅವರಂತೆಯೇ ನಾವು ಕುಣಿಯಬೇಕು. ಮೊಬೈಲಿನೊಳಗಿನ ಸಂವೇದಕ ಕೈಯ ಚಲನೆಯನ್ನು ಅಳೆದು ಅಂಕ ಕೊಡುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಮೊದಲ ದಿನ ಎರಡು ಹಾಡಿಗೇ ಏದುಸಿರು ಬಂತು. "ಏನೇ ಅದು, ಒಳಗೆ ಧಡಧಡ ಅಂತಿದೆ?" ಎಂದು ಅಮ್ಮ ಬಾಗಿಲು ತಟ್ಟಿದರು. ಆದರೆ ಮರುದಿನ ಮತ್ತೆ ಆಡಿದೆ, ಅದರ ಮರುದಿನವೂ. ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತೈದು ನಿಮಿಷದಂತೆ ಐದು ತಿಂಗಳು ನಡೆಯಿತು.

ಓಟ ನಾಲ್ಕು ದಿನಕ್ಕೆ ನಿಂತಿತು, ಇದು ಐದು ತಿಂಗಳು ಯಾಕೆ ನಡೆಯಿತು? ನಮ್ಮ ಬಿ.ಇಡಿ. ತರಗತಿಯಲ್ಲಿ ಓದಿದ್ದನ್ನೇ ಇಟ್ಟುಕೊಂಡು ನೋಡಿದರೆ ನಾಲ್ಕು ಕಾರಣ ಕಾಣುತ್ತವೆ. ಒಂದು, ತಪ್ಪು ಹೆಜ್ಜೆ ಇಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ; ಹಿಮ್ಮಾಹಿತಿಗಾಗಿ ಪರೀಕ್ಷೆಯವರೆಗೆ ಕಾಯಬೇಕಿಲ್ಲ. ಎರಡು, ಆಟ ಸುಲಭದಿಂದ ಕಠಿಣಕ್ಕೆ ಸಣ್ಣ ಸಣ್ಣ ಮೆಟ್ಟಿಲಿನಲ್ಲಿ ಹೋಗುತ್ತದೆ; ವೈಗಾಟ್‌ಸ್ಕಿಯನ್ನು ಬಾಯಿಪಾಠ ಮಾಡಿದ್ದ ನನಗೆ ಅವನು ಹೇಳಿದ್ದೇನೆಂದು ಕಾಲಿಗೆ ತಿಳಿದದ್ದು ಆಗಲೇ. ಮೂರು, ಪರದೆ ನನ್ನ ಇವತ್ತಿನ ಅಂಕವನ್ನು ನನ್ನ ನಿನ್ನೆಯ ಅಂಕದ ಪಕ್ಕ ಇಡುತ್ತಿತ್ತು, ಪಕ್ಕದ ಮನೆಯವಳ ಅಂಕದ ಪಕ್ಕ ಅಲ್ಲ. ನಾಲ್ಕು, ಯಾರೂ ನೋಡುತ್ತಿರಲಿಲ್ಲ. ಈ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ.

ಈ ಆಟಗಳು ಬಂದ ದಾರಿ

ಇಂಥ ಆಟಗಳಿಗೆ ಕಾಲು ಶತಮಾನದ ಇತಿಹಾಸವಿದೆ. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಎಂಬ ಆಟ ತಂದಿತು. ನೆಲದ ಮೇಲೆ ನಾಲ್ಕು ಬಾಣದ ಗುರುತು. ಪರದೆಯಲ್ಲಿ ಯಾವ ಬಾಣ ಬರುತ್ತದೋ ತಾಳಕ್ಕೆ ಸರಿಯಾಗಿ ಅದನ್ನು ತುಳಿಯಬೇಕು. ನೋಡಿದವರಿಗೆ ನಮ್ಮ ಕುಂಟೆಬಿಲ್ಲೆ ನೆನಪಾಗದೆ ಇರದು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ಈ ಆಟವನ್ನು ತನ್ನ ಸರ್ಕಾರಿ ಶಾಲೆಗಳಿಗೆಲ್ಲ ಒದಗಿಸುವ ಯೋಜನೆಯನ್ನು 2006ರಲ್ಲಿ ಪ್ರಕಟಿಸಿತು. ಅದೇ ವರ್ಷ ನಿಂಟೆಂಡೊ ಕಂಪನಿಯ 'ವೀ' ಯಂತ್ರ ಬಂತು, 2007ರಲ್ಲಿ 'ವೀ ಫಿಟ್'. 2009ರಲ್ಲಿ 'ಜಸ್ಟ್ ಡ್ಯಾನ್ಸ್', 2010ರಲ್ಲಿ ಕ್ಯಾಮೆರಾದಿಂದ ಇಡೀ ದೇಹದ ಚಲನೆ ಗುರುತಿಸುವ 'ಕಿನೆಕ್ಟ್', 2019ರಲ್ಲಿ 'ರಿಂಗ್ ಫಿಟ್ ಅಡ್ವೆಂಚರ್' ಬಂದವು.

ಇವುಗಳಿಂದ ಪ್ರಯೋಜನವಿದೆಯೇ ಎಂದು ಸಂಶೋಧಕರೂ ನೋಡಿದ್ದಾರೆ. ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರ ವರದಿಯೊಂದು 2007ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕುಳಿತು ಆಡುವ ವಿಡಿಯೋ ಗೇಮಿಗಿಂತ ವೀ ಆಟಗಳಲ್ಲಿ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಆದರೆ ನಿಜವಾದ ಆಟದಲ್ಲಿ ಖರ್ಚಾಗುವಷ್ಟು ಅಲ್ಲ ಎಂಬುದು ಅದರ ಸಾರ. 2012ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ಪತ್ರಿಕೆಯಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ ಬಂತು. 9ರಿಂದ 12 ವರ್ಷದ ಮಕ್ಕಳಲ್ಲಿ ಕೆಲವರ ಮನೆಗೆ ಮೈ ಕುಣಿಸುವ ಆಟಗಳನ್ನೂ ಉಳಿದವರ ಮನೆಗೆ ಕುಳಿತು ಆಡುವ ಆಟಗಳನ್ನೂ ಕೊಟ್ಟು 13 ವಾರ ಗಮನಿಸಿದರು. ಎರಡೂ ಗುಂಪಿನ ಮಕ್ಕಳ ಒಟ್ಟು ಚಟುವಟಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಮಕ್ಕಳು ಓಡಾಡತೊಡಗುವುದಿಲ್ಲ. ಸ್ಮಾರ್ಟ್ ಬೋರ್ಡ್ ತಂದಿಟ್ಟ ಕೂಡಲೇ ಪಾಠ ಸ್ಮಾರ್ಟ್ ಆಗುವುದಿಲ್ಲವಲ್ಲ, ಹಾಗೆಯೇ.

ಆರೋಗ್ಯ ಕಾರ್ಡಿನ ಆ ದಿನದ ನಂತರ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಸಂಗತಿ. 'ವೀ ಫಿಟ್' ಆಟಕ್ಕೆ ಒಂದು ಹಲಗೆ ಇದೆ. ಅದರ ಮೇಲೆ ನಿಂತರೆ ಅದು ತೂಕ ನೋಡಿ, ಎತ್ತರದೊಂದಿಗೆ ಲೆಕ್ಕ ಹಾಕಿ ದೇಹದ್ರವ್ಯ ಸೂಚ್ಯಂಕ, ಅಂದರೆ ಬಿಎಂಐ, ಹೇಳುತ್ತದೆ. 2008ರಲ್ಲಿ ಬ್ರಿಟನ್ನಿನ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಆಟ 'ನೀನು ದಪ್ಪ' ಎಂಬ ತೀರ್ಪು ಕೊಟ್ಟಿತು. ಮನೆಯವರು ದೂರಿದರು, ಕಂಪನಿ ಕ್ಷಮೆ ಕೇಳಿತು. ಬೆಳೆಯುವ ಮಕ್ಕಳ ಬಿಎಂಐಯನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯುವಂತಿಲ್ಲ. ಅವರ ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಬೇರೆಯೇ ಕೋಷ್ಟಕದಲ್ಲಿ ನೋಡಬೇಕು. ಆ ಕಂಪನಿ ಕ್ಷಮೆ ಕೇಳಿತು. ಅಂಕಿ ಕೂಗಿದ ನಾನು ಇನ್ನೂ ಕೇಳಿಲ್ಲ.

ಲೆಕ್ಕ ಹಾಕಿ ನೋಡೋಣ

ಐದು ತಿಂಗಳಲ್ಲಿ ನನ್ನ ತೂಕ 76ರಿಂದ 72 ಕಿಲೋಗೆ ಬಂತು. ಇದನ್ನು ಕೇಳಿದ ಗೆಳತಿಯರು ಆಟದ ಹೆಸರು ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಚಹಾದ ವಿಷಯ.

ಆಟ ಮುಗಿದಾಗಲೆಲ್ಲ ಪರದೆಯಲ್ಲಿ '240 ಕ್ಯಾಲರಿ ಕರಗಿತು' ಎಂಬಂಥ ಅಂಕಿ ಬರುತ್ತಿತ್ತು. ಆ ಆಟ ನನ್ನ ತೂಕವನ್ನು ಒಮ್ಮೆಯೂ ಕೇಳಿರಲಿಲ್ಲ. ಒಂದು ದಿನ ಕಾಲು ನೋವೆಂದು ಕುರ್ಚಿಯಲ್ಲಿ ಕುಳಿತು ಬರೀ ಕೈ ಬೀಸಿದೆ; ಹೆಚ್ಚುಕಡಿಮೆ ಅಷ್ಟೇ ಅಂಕ ಬಂತು. ಆಗ ಕಾಗದ ತೆಗೆದುಕೊಂಡು ಕುಳಿತೆ. ಸುಮ್ಮನೆ ಕುಳಿತಿರುವಾಗ ನಮ್ಮ ದೇಹ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲರಿ ಬಳಸುತ್ತದೆ. ಚುರುಕಾಗಿ ಕುಣಿಯುವಾಗ ಅದರ ಐದರಷ್ಟು ಎಂದುಕೊಳ್ಳೋಣ. 72 ಕಿಲೋ, 25 ನಿಮಿಷಕ್ಕೆ ಲೆಕ್ಕ ಹಾಕಿದರೆ 150 ಕಿಲೋಕ್ಯಾಲರಿ. ಅದರಲ್ಲೂ ಸುಮಾರು 30 ನಾನು ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದದ್ದು.

ಈಗ ಇನ್ನೊಂದು ಬದಿ. ನಾನು ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುತ್ತಿದ್ದೆ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 40 ಗ್ರಾಂ, ಗ್ರಾಂಗೆ 4ರಂತೆ 160 ಕಿಲೋಕ್ಯಾಲರಿ. ನನ್ನ ಇಡೀ ಕುಣಿತ ಚಹಾದ ಸಕ್ಕರೆಗೆ ಸರಿಹೋಗುತ್ತಿತ್ತು! ಹಾಗಾಗಿ ಸಕ್ಕರೆಯನ್ನು ಅರ್ಧ ಮಾಡಿದೆ. ಇಳಿದ ನಾಲ್ಕು ಕಿಲೋದಲ್ಲಿ ಕುಣಿತದ್ದೆಷ್ಟು, ಸಕ್ಕರೆಯದ್ದೆಷ್ಟು ಎಂದು ಬಿಡಿಸಿ ಹೇಳಲಾರೆ. ಆದರೆ ಎಲ್ಲ ಕೀರ್ತಿಯನ್ನೂ ಆಟಕ್ಕೆ ಕೊಟ್ಟರೆ ಅದು ಸುಳ್ಳಾಗುತ್ತದೆ. ಆಟದಿಂದ ಖಚಿತವಾಗಿ ಬಂದದ್ದು ಬೇರೆ. ಕಾಲೇಜಿನ ಮೂರನೇ ಮಹಡಿಗೆ ಹತ್ತಿದರೆ ಮೊದಲಿನಂತೆ ಮಾತು ನಿಲ್ಲುವುದಿಲ್ಲ. ನಲವತ್ತು ನಿಮಿಷ ನಿಂತು ಪಾಠ ಮಾಡಿದರೆ ಸೊಂಟ ಹಿಡಿಯುವುದಿಲ್ಲ.

ಈ ಲೆಕ್ಕವನ್ನೇ ಒಂಬತ್ತನೇ ತರಗತಿಯ 'ಕೆಲಸ ಮತ್ತು ಶಕ್ತಿ' ಪಾಠಕ್ಕೆ ತಂದೆ. 50 ಕಿಲೋ ದ್ರವ್ಯರಾಶಿಯ ವಿದ್ಯಾರ್ಥಿ 20 ಸೆಂಟಿಮೀಟರ್ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ ಹತ್ತು ನಿಮಿಷ ಹತ್ತಿ ಇಳಿದರೆ, ಹತ್ತುವಾಗ ಮಾಡಿದ ಕೆಲಸ 50 × 9.8 × 0.2 × 300, ಅಂದರೆ 29,400 ಜೂಲ್, ಸುಮಾರು 7 ಕಿಲೋಕ್ಯಾಲರಿ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗವಷ್ಟೇ ಕೆಲಸವಾಗಿ ಹೊರಬರುತ್ತದೆ, ಉಳಿದದ್ದು ಶಾಖ. ಹಾಗಾಗಿ ಹತ್ತಲು ದೇಹ ಬಳಸಿದ್ದು 28ರಿಂದ 35 ಕಿಲೋಕ್ಯಾಲರಿ; ಒಂದೂವರೆ ಚಮಚ ಸಕ್ಕರೆ. "ಇಷ್ಟೇನಾ ಮಿಸ್?" ಎಂದು ಮಕ್ಕಳು ಬೆರಗಾದರು. ಸೂತ್ರವನ್ನು ಬರೀ ಬೋರ್ಡಿನಲ್ಲಿ ಬರೆದಾಗ ಇಂಥ ಪ್ರಶ್ನೆ ಒಂದೂ ಬಂದಿರಲಿಲ್ಲ.

ನಾನು ಕಿತ್ತುಕೊಂಡ ಪಿ.ಟಿ. ಪೀರಿಯಡ್

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಪಾಠಯೋಜನೆಗಳ ಸಂಖ್ಯೆ ಮುಗಿಯದೆ ಇದ್ದಾಗ, ಮಳೆ ಹಿಡಿದ ವಾರ, ಪಿ.ಟಿ. ಮಾಸ್ಟ್ರ ಹತ್ತಿರ ಹೋಗಿ "ಸರ್, ಹೇಗೂ ಗ್ರೌಂಡಲ್ಲಿ ನೀರು ನಿಂತಿದೆ, ಪೀರಿಯಡ್ ನನಗೆ ಕೊಡ್ತೀರಾ?" ಎಂದು ಕೇಳಿದೆ. ಅವರು ಕೊಟ್ಟರು. "ಜೂನ್‌ನಿಂದ ಎಲ್ಲರೂ ಕೇಳ್ತಾರಮ್ಮ, ಕೊಟ್ಟೂ ಕೊಟ್ಟೂ ಅಭ್ಯಾಸ ಆಗಿದೆ" ಎಂದರು. ನಗುತ್ತಲೇ ಹೇಳಿದರು, ಆದರೂ ನನಗೆ ಚುಚ್ಚಿತು. ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ನೆಚ್ಚುವಂತಿಲ್ಲ. ಆ ನಾಲ್ಕು ತಿಂಗಳು ಗಣಿತವೋ ವಿಜ್ಞಾನವೋ ಆಟದ ಅವಧಿಯನ್ನು ನುಂಗುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಲ್ಲಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನಾವು ಇರುವ ನಲವತ್ತನ್ನೂ ಕಿತ್ತುಕೊಳ್ಳುತ್ತಿದ್ದೇವೆ.

ಮುಂದಿನ ವಾರ ಮಾಸ್ಟ್ರ ಒಪ್ಪಿಗೆ ಪಡೆದು ಅವರ ಜೊತೆಯಲ್ಲೇ ಒಂದು ಪ್ರಯತ್ನ ಮಾಡಿದೆ. ತರಗತಿಯ ಮುಂದಿನ ವರಾಂಡದಲ್ಲಿ ಸೀಮೆಸುಣ್ಣದಿಂದ ಹತ್ತು ಜಾಗದಲ್ಲಿ ನಾಲ್ಕು ನಾಲ್ಕು ಚೌಕ ಬರೆದು, ಬಾಣ ಹಾಕಿದೆವು. ಹಿಂದೆ, ಮುಂದೆ, ಎಡ, ಬಲ. ಪರದೆಯ ಬದಲು ಒಬ್ಬರು ದಿಕ್ಕು ಹೇಳುವುದು, ಉಳಿದವರು ಚಪ್ಪಾಳೆಯಲ್ಲಿ ತಾಳ ಹಾಕುವುದು, ಒಬ್ಬರು ತುಳಿಯುವುದು. ಒಂದು ನಿಮಿಷದಲ್ಲಿ ಎಷ್ಟು ಹೆಜ್ಜೆ ಸರಿಯಾಯಿತು ಎಂದು ಆಡಿದವರೇ ಎಣಿಸಿಕೊಂಡು ತಮ್ಮ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಬೇಕು. ಬೋರ್ಡಿನಲ್ಲಿ ಪಟ್ಟಿ ಇಲ್ಲ, ಮೊದಲ ಮೂವರ ಹೆಸರಿಲ್ಲ. ಆಟಕ್ಕೆ ಮೊದಲು ಮತ್ತು ಆಮೇಲೆ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸುವುದು ವಿಜ್ಞಾನದ ಭಾಗ.

ಎಲ್ಲವೂ ಚೆನ್ನಾಗಿ ನಡೆಯಿತು ಎಂದು ಬರೆಯಲಾರೆ. ಇರಚಲು ಬಡಿದು ವರಾಂಡದ ಒಂದು ಬದಿ ಒದ್ದೆಯಾಗಿತ್ತು. ಒಬ್ಬ ಹುಡುಗ ಜಾರಿ ಮೊಣಕೈ ತರಚಿಕೊಂಡ. ಗದ್ದಲಕ್ಕೆ ಪಕ್ಕದ ತರಗತಿಯ ಶಿಕ್ಷಕಿ ಎರಡು ಸಲ ಹೊರಬಂದು ನೋಡಿದರು. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು, "ಎಲ್ಲ ಸರಿ, ಇದರ ಕಲಿಕಾ ಫಲ ಯಾವುದು?" ಎಂದು ಕೇಳಿದರು. ನಾಡಿ ಬಡಿತದ ಕೋಷ್ಟಕ ತೋರಿಸಿದೆ. ಅದಕ್ಕಿಂತ ಹೆಚ್ಚಿನದು ಒಂದಿತ್ತು, ಅದನ್ನು ಯಾವ ಕಲಂನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ತೂಕದ ದಿನ ಯಂತ್ರ ಹತ್ತದ ಹುಡುಗಿ ಅಂದು ಮೂರು ಸಲ ತನ್ನ ಸರದಿ ಆಡಿದಳು. ಅವಳ ಅಂಕ ಎಷ್ಟೆಂದು ನಾನು ಕೇಳಲಿಲ್ಲ.

ಕೆಲವು ಆಕ್ಷೇಪಗಳು

ಮಕ್ಕಳು ಈಗಾಗಲೇ ಮೊಬೈಲಿಗೆ ಅಂಟಿಕೊಂಡಿದ್ದಾರೆ, ವ್ಯಾಯಾಮದ ನೆಪದಲ್ಲಿ ಇನ್ನಷ್ಟು ಪರದೆ ಯಾಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಮಾತು. ಶಾಲೆಗೆ ಪರದೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಆದರೆ ಹೊರಗೆ ಓಡಲು ಮುಜುಗರಪಡುವ ದೊಡ್ಡ ಹುಡುಗಿಗೆ, ಮಕ್ಕಳನ್ನು ಮಲಗಿಸಿ ಅರ್ಧ ಗಂಟೆ ಸಿಗುವ ತಾಯಿಗೆ, ಮಳೆಗಾಲದಲ್ಲಿ ಮನೆಯಲ್ಲೇ ಉಳಿಯುವ ಹಿರಿಯರಿಗೆ ಈ ಆಟ ಒಂದು ಬಾಗಿಲು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಅದರಲ್ಲಿ ನೂರು ನಿಮಿಷ ಹೀಗೆ ಬಂದರೂ ಬರಲಿ.

ನೆಲ ಗಟ್ಟಿಯಿದ್ದರೆ ಮಂಡಿಗೆ ಪೆಟ್ಟು ಎಂಬುದೂ ನಿಜ. ಮೊದಲ ತಿಂಗಳು ಬರಿಗಾಲಲ್ಲಿ ಗಾರೆ ನೆಲದ ಮೇಲೆ ಕುಣಿದು ಮಂಡಿ ನೋವು ಬರಿಸಿಕೊಂಡೆ. ಆಮೇಲೆ ಶೂ ಹಾಕಿದೆ, ಜಿಗಿತ ಬಿಟ್ಟು ಹೆಜ್ಜೆಯಷ್ಟೇ ಹಾಕಿದೆ. ನೋವಿದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡುವುದು ಒಳ್ಳೆಯದು.

ಮೂರನೆಯ ಆಕ್ಷೇಪ ನನ್ನದೇ. ಬಾಗಿಲು ಹಾಕಿಕೊಂಡು ಆಡುವುದು ಪರಿಹಾರವೇ? ನನಗೆ ಬಾಗಿಲು ಬೇಕಾದದ್ದು ಹೊರಗೆ ನೋಡುವ ಕಣ್ಣುಗಳಿದ್ದುದರಿಂದ. ಬೀದಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ತರಗತಿಯನ್ನು ಬದಲಿಸುವುದು ಶಿಕ್ಷಕರ ಕೈಯಲ್ಲಿದೆ. ಹುಡುಗಿಯೊಬ್ಬಳು ಮೈದಾನದಲ್ಲೇ, ಎಲ್ಲರ ನಡುವೆಯೇ, ನಗೆಪಾಟಲಾಗದೆ ಆಡುವಂತಾದರೆ ಅವಳಿಗೆ ನನ್ನ ಲ್ಯಾಪ್‌ಟಾಪ್ ಬೇಕಾಗುವುದಿಲ್ಲ.

ನಾವು ಮಾಡಬಹುದಾದದ್ದು

ಅಭ್ಯಾಸ ಬೋಧನೆಗೆ ಹೋಗುವ ನನ್ನ ಸಹಪಾಠಿಗಳಿಗೂ, ನಮ್ಮನ್ನು ಕಳಿಸುವ ಗುರುಗಳಿಗೂ ನಾಲ್ಕು ಸಲಹೆ ಕೊಡುವೆ. ಪ್ರಶಿಕ್ಷಣಾರ್ಥಿಗಳು ಪಾಠದ ಸಂಖ್ಯೆ ತುಂಬಿಸಲು ಆಟದ ಅವಧಿಯನ್ನು ಕೇಳುವಂತಿಲ್ಲ ಎಂದು ಕಾಲೇಜೇ ನಿಯಮ ಮಾಡಲಿ. ಮಳೆಗಾಲದಲ್ಲಿ ವರಾಂಡದಲ್ಲೋ ಸಭಾಂಗಣದಲ್ಲೋ ಆಡಿಸಬಹುದಾದ ಹತ್ತು ಆಟಗಳನ್ನು ದೈಹಿಕ ಶಿಕ್ಷಣ ಶಿಕ್ಷಕರೊಂದಿಗೆ ಕುಳಿತು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳೋಣ. ದೈಹಿಕ ಚಟುವಟಿಕೆಯಲ್ಲಿ ಮಗುವಿನ ಇವತ್ತಿನ ಅಂಕವನ್ನು ಅದರ ನಿನ್ನೆಯ ಅಂಕದೊಂದಿಗೆ ಹೋಲಿಸೋಣ. ರೂಪಣಾತ್ಮಕ ಮೌಲ್ಯಮಾಪನ ಎಂದು ನಾವು ಬರೆಯುವುದರ ಅರ್ಥ ಅದೇ ಅಲ್ಲವೇ? ಮಗು ಎಷ್ಟು ಹೆಜ್ಜೆ ಹಾಕಿತು, ಎಷ್ಟು ದಿನ ಬಂತು ಎಂಬುದು ಅಂಕವಾಗಲಿ, ಎಷ್ಟು ಕಿಲೋ ಇದೆ ಎಂಬುದು ಆಗದಿರಲಿ.

ತೂಕ ನೋಡಲೇಬೇಕಾದ ದಿನ ಬರುತ್ತದೆ, ಆರೋಗ್ಯ ಕಾರ್ಡು ತುಂಬಲೇಬೇಕು. ಅದಕ್ಕೆ ದಾರಿ ಆ ಹುಡುಗಿಯೇ ತೋರಿಸಿಕೊಟ್ಟಿದ್ದಾಳೆ. ಯಂತ್ರವನ್ನು ತರಗತಿಯಿಂದ ಹೊರಗಿಟ್ಟು, ಒಬ್ಬೊಬ್ಬರನ್ನೇ ಕರೆದು, ಅಂಕಿಯನ್ನು ಅವರೇ ನೋಡಿ ಚೀಟಿಯಲ್ಲಿ ಬರೆದು ಕೊಡುವಂತೆ ಮಾಡಿದರೆ ಸಾಕು. ನಲವತ್ತು ಮಕ್ಕಳಿಗೆ ಹದಿನೈದು ನಿಮಿಷ ಹೆಚ್ಚು ಹಿಡಿಯಬಹುದು. ಅಭ್ಯಾಸ ಬೋಧನೆ ಮುಗಿಯಲು ನನಗೆ ಇನ್ನೂ ಮೂರು ವಾರವಿದೆ. ಅಷ್ಟರೊಳಗೆ ಎಂಟನೇ ತರಗತಿಗೆ ಹೋಗಿ, ಅಂದು ಅಂಕಿ ಕೂಗಿದ್ದು ನನ್ನ ತಪ್ಪು ಎಂದು ಹೇಳಿ ಬರುತ್ತೇನೆ.